ಬ್ಯಾಂಕ್ಸಿಯಾಕ್ಕೆ ಕೋಳಿಗೊಬ್ಬರ ಬೇಡ

ಪ್ರಶ್ನೆ: ಸಿಡ್ನಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಪಕ್ಕದಲ್ಲೇ ಕಡಲಂಚಿನ ಕುರುಚಲು ಕಾಡಿನ ಸಣ್ಣ ಮೀಸಲು ಜಾಗ. ಅಲ್ಲಿರುವಂಥದ್ದೇ ಬ್ಯಾಂಕ್ಸಿಯಾ ಎಂಬ ಆಸ್ಟ್ರೇಲಿಯಾದ ಹೂಗಿಡದ ಸಸಿಯನ್ನು ನರ್ಸರಿಯಿಂದ ತಂದು ಹಿತ್ತಲಲ್ಲಿ ನೆಟ್ಟು, ತಿಂಗಳಿಗೊಮ್ಮೆ ಕೋಳಿಗೊಬ್ಬರ ಹಾಕಿದೆ. ಈಗ ಚಿಗುರು ಹಳದಿಯಾಗಿ, ಎಲೆಯ ತುದಿ ಸುಟ್ಟಂತಾಗಿದೆ. ಯಾವ ಪೋಷಕಾಂಶದ ಕೊರತೆ?

ಉತ್ತರ: ಕೊರತೆಯಲ್ಲ, ರಂಜಕ ಅತಿಯಾಗಿರುವ ಲಕ್ಷಣ. ಸಿಡ್ನಿಯ ಬ್ಯಾಂಕ್ಸಿಯಾ ಕುರುಚಲು ಬೆಳೆದದ್ದು ಗಾಳಿ ತಂದು ಗುಡ್ಡೆ ಹಾಕಿದ ಸಪ್ಪೆ ಮರಳಿನಲ್ಲಿ. ನಾರ್ತ್ ಹೆಡ್‌ನಿಂದ ಬಾಟನಿ ಬೇವರೆಗೆ ಸುಮಾರು 5,300 ಹೆಕ್ಟೇರ್ ಇದ್ದದ್ದರಲ್ಲಿ ಈಗ ನೂರಕ್ಕೆ ಮೂರು ಪಾಲೂ ಉಳಿದಿಲ್ಲ, ಅದೂ ಚೂರುಚೂರಾಗಿ. ಗಿಡದ ಬುಡದ ತರಗೆಲೆಯನ್ನು ಮೆಲ್ಲಗೆ ಸರಿಸಿದರೆ ಬಾಟಲಿ ತೊಳೆಯುವ ಬ್ರಷ್ಷಿನಂಥ ಬೇರುಗೊಂಚಲು ಕಾಣುತ್ತದೆ. ಅದು ಆಮ್ಲ ಒಸರಿಸಿ, ಮಣ್ಣಿಗೆ ಅಂಟಿದ ಅಲ್ಪಸ್ವಲ್ಪ ರಂಜಕವನ್ನೂ ಕರಗಿಸಿ ಹೀರುತ್ತದೆ. ಸಾಕು ಎನ್ನುವುದು ಆ ಬೇರಿಗೆ ಗೊತ್ತಿಲ್ಲ. ಕೋಳಿಗೊಬ್ಬರದಲ್ಲಿ ರಂಜಕ ಧಾರಾಳ. ಗಿಡ ಅದನ್ನೆಲ್ಲ ಹೀರಿ, ಕಬ್ಬಿಣ ಬಳಸಲಾಗದೆ ಹಳದಿಯಾಗುತ್ತದೆ.

ಉಳಿದ ಗೊಬ್ಬರವನ್ನು ಕೈಯಲ್ಲೇ ಕೆರೆದು ತೆಗೆಯಿರಿ. ಗುದ್ದಲಿ ಹಾಕಬೇಡಿ, ಬೇರು ಮೇಲೇ ಇರುತ್ತದೆ. ಕೀಲೇಟೆಡ್ ಕಬ್ಬಿಣವನ್ನು (ಗಿಡ ಸುಲಭವಾಗಿ ಹೀರುವ ರೂಪದ ಕಬ್ಬಿಣ) ಡಬ್ಬಿಯ ಮೇಲಿನ ಪ್ರಮಾಣದಲ್ಲಿ ಕೊಡಿ. ಐದು ಸೆಂಟಿಮೀಟರ್ ಮರದ ಚಕ್ಕೆ ಹೊದಿಸಿ, ಕಾಂಡಕ್ಕೆ ತಾಗದಿರಲಿ. ಬಟ್ಟೆ ಒಗೆದ ನೀರನ್ನೂ ಬಿಡಬೇಡಿ, ಕೆಲವು ಸೋಪುಪುಡಿಗಳಲ್ಲಿ ರಂಜಕವಿರುತ್ತದೆ. ತೀರಾ ಎಳೆಯ ಗಿಡವಾದರೆ ಉಳಿಯುವ ಭರವಸೆ ಕಡಿಮೆ. ಹೊಸದನ್ನು ಬೇರೆ ಜಾಗದಲ್ಲಿ ನೆಡುವುದೇ ಒಳ್ಳೆಯದು. ನೆಡಲು ಯೋಗ್ಯವಾದ ಗಿಡ ಇದು: ಚಳಿಗಾಲದಲ್ಲಿ ಬೇರೆ ಹೂ ವಿರಳವಾದಾಗ ಜೇನುಹೀರುಕ ಹಕ್ಕಿಗಳಿಗೂ, ಐವತ್ತು ಗ್ರಾಮೂ ತೂಗದ ಪಿಗ್ಮಿ ಪಾಸಮ್ ಎಂಬ ಹೊಟ್ಟೆಚೀಲದ ಪುಟ್ಟ ಪ್ರಾಣಿಗೂ ಇದರ ಮಕರಂದವೇ ಆಧಾರ.

ಪ್ರಶ್ನೆ: ಆ ಮೀಸಲು ಜಾಗದ ಅಂಚಿನಲ್ಲಿ ಹಳದಿ ಹೂವಿನ ಬೀಟೂ ಪೊದೆ ಮುಚ್ಚಿಕೊಂಡಿದೆ. ಒಮ್ಮೆಲೇ ಕಡಿದು ಹಾಕಬಹುದೇ?

ಉತ್ತರ: ಬೇಡ. ದಕ್ಷಿಣ ಆಫ್ರಿಕಾದ ಈ ಪೊದೆಯನ್ನು ಮರಳು ನಿಲ್ಲಿಸಲೆಂದು ಸರಕಾರವೇ 1946ರಿಂದ 1968ರವರೆಗೆ ನೆಡಿಸಿತ್ತು. ಒಮ್ಮೆಲೇ ಬಯಲು ಮಾಡಿದರೆ ಬಿಸಿಲು ತಾಗಿ, ನೆಲದಲ್ಲಿರುವ ಬೀಜವೆಲ್ಲ ಮೊಳೆಯುತ್ತದೆ. ಮೊದಲು ಸ್ಥಳೀಯ ಕೌನ್ಸಿಲ್‌ನ ಬುಷ್‌ಕೇರ್ ತಂಡ (ಕಾಡು ನೋಡಿಕೊಳ್ಳುವ ಸ್ವಯಂಸೇವಕರ ಗುಂಪು) ಸೇರಿಕೊಳ್ಳಿ. ಅನುಮತಿಯಿಲ್ಲದೆ ಅಲ್ಲಿ ಒಂದು ಗಿಡವನ್ನೂ ಮುಟ್ಟುವಂತಿಲ್ಲ. ಒಳ್ಳೆಯ ಕಾಡಿರುವ ಕಡೆಯಿಂದ ಕಳೆಯತ್ತ ಸ್ವಲ್ಪಸ್ವಲ್ಪವೇ ಸಾಗಬೇಕು. ಸಿಡ್ನಿಯ ಬ್ರಾಡ್ಲಿ ಸೋದರಿಯರು ತೋರಿಸಿಕೊಟ್ಟ ಕ್ರಮ ಇದು. ಸಣ್ಣ ಸಸಿ ಬೇರುಸಹಿತ ಕೈಗೆ ಬರುತ್ತದೆ. ದಪ್ಪ ಕಾಂಡವನ್ನು ನೆಲಮಟ್ಟಕ್ಕೆ ಕತ್ತರಿಸಿ, ಕೂಡಲೇ ಗ್ಲೈಫೋಸೇಟ್ ಎಂಬ ಕಳೆನಾಶಕ ಸವರಬೇಕು. ಅರ್ಧ ನಿಮಿಷ ತಡವಾದರೂ ಗಾಯ ಮುಚ್ಚಿ, ಔಷಧ ಬೇರಿಗಿಳಿಯದೆ ಬುಡ ಮತ್ತೆ ಚಿಗುರುತ್ತದೆ. ದಟ್ಟ ಪೊದೆಯೊಳಗೆ ನೀಲಿ ತಲೆಯ ಫೇರಿ ರೆನ್ ಹಕ್ಕಿ ಗೂಡು ಕಟ್ಟಿರಬಹುದು. ಪಕ್ಕದ ಸ್ಥಳೀಯ ಗಿಡ ಅದಕ್ಕೆ ಆಸರೆಯಾಗುವಷ್ಟು ಬೆಳೆಯುವವರೆಗೆ ಆ ಒಂದು ಪೊದೆಯನ್ನು ಹಾಗೆಯೇ ಬಿಡಿ, ಕಾಯಿ ಕಟ್ಟುವ ಮೊದಲು ಹೂ ಮಾತ್ರ ಕಿತ್ತರೆ ಸಾಕು.