ವಿಮಾ ಕಂಪನಿಯೇ ದಿವಾಳಿಯಾದರೆ ಕ್ಲೇಮಿನ ಗತಿ ಏನು?

ಪ್ರಶ್ನೆ: ನನ್ನ ಗೋದಾಮಿಗೆ ಬೆಂಕಿ ಬಿದ್ದು ಸರಕು ನಾಶವಾಯಿತು. ನಷ್ಟವನ್ನು ಅಂದಾಜು ಮಾಡುವ ಸರ್ವೇಯರ್ ವರದಿ ಕೊಟ್ಟಾಗಿದೆ, ಆದರೆ ಹಣ ಕೈಸೇರುವ ಮೊದಲೇ ವಿಮಾ ಕಂಪನಿ ದಿವಾಳಿಯಾಗಿದೆ. ಬೇರೊಂದು ಕಂಪನಿಯಲ್ಲಿರುವ ನನ್ನ ಜೀವವಿಮೆಯ ಬಗ್ಗೆಯೂ ಇಂಥದೇ ಸುದ್ದಿ ಕೇಳಿಬರುತ್ತಿದೆ. ಕ್ಲೇಮು ಮುಳುಗಿತೆಂದೇ ತಿಳಿಯಬೇಕೆ? ಜೀವವಿಮೆಯ ಕಂತು ಕಟ್ಟುವುದನ್ನು ನಿಲ್ಲಿಸಲೇ?

ಉತ್ತರ: ಕಂತಿನ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅಲ್ಲಿ ಆಗುವ ತಪ್ಪನ್ನು ಆಮೇಲೆ ಸರಿಪಡಿಸುವುದು ಕಷ್ಟ. ನಿಯಂತ್ರಣ ಪ್ರಾಧಿಕಾರವಾಗಲಿ ನ್ಯಾಯಾಲಯ ನೇಮಿಸಿದ ಆಡಳಿತಾಧಿಕಾರಿಯಾಗಲಿ ಲಿಖಿತವಾಗಿ ತಿಳಿಸುವವರೆಗೆ ದಯವಿಟ್ಟು ಕಂತು ನಿಲ್ಲಿಸಬೇಡಿ. ವಯಸ್ಸಾದ ಮೇಲೆ ಅಥವಾ ಕಾಯಿಲೆ ಬಿದ್ದ ಮೇಲೆ ಹೊಸ ಜೀವವಿಮೆ ಸುಲಭವಾಗಿ ಸಿಗುವುದಿಲ್ಲವೆಂಬ ಕಾರಣಕ್ಕೇ ಇಂಥ ಪಾಲಿಸಿಗಳನ್ನು ರದ್ದುಮಾಡುವ ಬದಲು ಒಟ್ಟಾಗಿ ಬೇರೊಂದು ಕಂಪನಿಗೆ ವರ್ಗಾಯಿಸಲು ಅಧಿಕಾರಿಗಳು ಸಾಮಾನ್ಯವಾಗಿ ಪ್ರಯತ್ನಿಸುತ್ತಾರೆ. ಕಂತು ತಪ್ಪಿ ಪಾಲಿಸಿ ಲ್ಯಾಪ್ಸ್ ಆಗಿದ್ದರೆ, ಅಂದರೆ ಚಾಲ್ತಿ ಕಳೆದುಕೊಂಡಿದ್ದರೆ, ವರ್ಗಾಯಿಸಲು ಏನೂ ಉಳಿದಿರುವುದಿಲ್ಲ. ಹಾಗೆಂದು ಮೊದಲಿನ ಭರವಸೆಯೆಲ್ಲ ಹಾಗೆಯೇ ಉಳಿಯುತ್ತದೆಂದಲ್ಲ. ಜಪಾನಿನಲ್ಲಿ 1997ರಿಂದ 2001ರ ನಡುವೆ 7 ಜೀವವಿಮಾ ಕಂಪನಿಗಳು ಕುಸಿದಾಗ ಪಾಲಿಸಿಗಳು ಮುಂದುವರಿದವು, ಆದರೆ ಅವುಗಳ ಮೇಲೆ ಕೊಡುವುದಾಗಿ ಹೇಳಿದ್ದ ಬಡ್ಡಿದರವನ್ನು ಕಡಿತಗೊಳಿಸಲಾಯಿತು.

ಇನ್ನು ಗೋದಾಮಿನ ಕ್ಲೇಮು. ದಿವಾಳಿಯಾದ ಕಂಪನಿಯ ಆಸ್ತಿ ಲಿಕ್ವಿಡೇಟರ್, ಅಂದರೆ ಕಂಪನಿಯನ್ನು ಮುಚ್ಚಿ ಲೆಕ್ಕ ತೀರಿಸಲು ನೇಮಕವಾದ ಅಧಿಕಾರಿಯ ಕೈಗೆ ಹೋಗುತ್ತದೆ. ಅವರು ಅದನ್ನು ಮಾರಿ, ಬರಬೇಕಾದ ಬಾಕಿಯನ್ನೂ ಮರುವಿಮಾ ಕಂಪನಿಗಳಿಂದ (ವಿಮಾ ಕಂಪನಿಗಳಿಗೇ ವಿಮೆ ಕೊಡುವ ಕಂಪನಿಗಳಿಂದ) ಬರುವ ಹಣವನ್ನೂ ಒಟ್ಟುಗೂಡಿಸಿ, ಕಾನೂನು ಹೇಳುವ ಸರದಿಯಂತೆ ಹಂಚುತ್ತಾರೆ. ಮರುವಿಮೆ ಇದ್ದಿತೆಂದ ಮಾತ್ರಕ್ಕೆ ನೀವು ಆ ಕಂಪನಿಯನ್ನು ನೇರವಾಗಿ ಕೇಳಲು ಸಾಮಾನ್ಯವಾಗಿ ಬರುವುದಿಲ್ಲ, ಏಕೆಂದರೆ ಅದರ ಒಪ್ಪಂದವಿರುವುದು ನಿಮ್ಮ ಕಂಪನಿಯೊಂದಿಗೆ. ಸರದಿಯಲ್ಲಿ ಸಮಾಪನೆಯ, ಅಂದರೆ ಕಂಪನಿಯನ್ನು ಮುಚ್ಚುವ ಪ್ರಕ್ರಿಯೆಯ, ಖರ್ಚು ಮೊದಲು ಬರುತ್ತದೆ. ಅನೇಕ ದೇಶಗಳಲ್ಲಿ ಪಾಲಿಸಿದಾರರ ಕ್ಲೇಮು ಸಾಮಾನ್ಯ ಸಾಲಿಗರ ಬಾಕಿಗಿಂತ ಮುಂದೆ ನಿಲ್ಲುತ್ತದೆ. ಇದು ನ್ಯಾಯವಾದ ಏರ್ಪಾಡು ಎಂದೇ ನನ್ನ ನಂಬಿಕೆ.

ಆಸ್ತಿ ಸಾಲದೆ ಹೋದಾಗ ಆಸರೆಯಾಗುವುದು ಪಾಲಿಸಿದಾರರ ರಕ್ಷಣಾ ನಿಧಿ. ಎಲ್ಲ ದೇಶಗಳಲ್ಲಿಯೂ ಇದು ಇಲ್ಲ, ಇರುವಲ್ಲಿಯೂ ಮಿತಿಗಳಿವೆ. ಬ್ರಿಟನ್ನಿನ ನಿಧಿಯು ಕಡ್ಡಾಯ ವಿಮೆಯ ಕ್ಲೇಮನ್ನು ಪೂರ್ಣವಾಗಿ, ಉಳಿದ ಬಹುಪಾಲು ಸಾಮಾನ್ಯ ವಿಮೆಯನ್ನು ಶೇ 90ರಷ್ಟು ಭರಿಸುತ್ತದೆ, ಆದರೆ ದೊಡ್ಡ ವ್ಯಾಪಾರ ಸಂಸ್ಥೆಗಳಿಗೆ ಈ ರಕ್ಷಣೆ ಎಲ್ಲ ಸಂದರ್ಭಗಳಲ್ಲಿ ಸಿಗುವುದಿಲ್ಲ. ನಿಮ್ಮದು ವ್ಯಾಪಾರದ ಗೋದಾಮಾದ್ದರಿಂದ ಈ ಅಂಶವನ್ನು ವಿಶೇಷವಾಗಿ ವಿಚಾರಿಸಿ. ಆಸ್ಟ್ರೇಲಿಯದಲ್ಲಿ 2001ರಲ್ಲಿ ಎಚ್‌ಐಎಚ್ ಕಂಪನಿ ಕುಸಿದಾಗ ಸಾಮಾನ್ಯ ವಿಮೆಗೆ ಅಂಥ ನಿಧಿಯಿರಲಿಲ್ಲ. ಸರ್ಕಾರವೇ ವಿಶೇಷ ನೆರವಿನ ಯೋಜನೆ ರೂಪಿಸಬೇಕಾಯಿತು.

ಈಗ ನಿಮ್ಮ ಕೈಯಲ್ಲಿರುವ ಕೆಲಸವೆಂದರೆ ಲಿಕ್ವಿಡೇಟರ್ ಪ್ರಕಟಿಸುವ ಗಡುವಿನೊಳಗೆ ಕ್ಲೇಮನ್ನು ಅವರಲ್ಲಿ ದಾಖಲಿಸುವುದು. ಕಂಪನಿಗೆ ಮೊದಲೇ ಕೊಟ್ಟಿದ್ದೇನಲ್ಲ ಎಂದು ಸುಮ್ಮನಿದ್ದು ಸರದಿಯಲ್ಲಿ ಹಿಂದೆ ಬೀಳುವ ಅಪಾಯವಿದೆ. ಪಾಲಿಸಿ, ಕಂತಿನ ರಸೀದಿ, ಸರ್ವೇಯರ್ ವರದಿ, ಸರಕಿನ ಲೆಕ್ಕಪತ್ರ ಇವುಗಳ ಪ್ರತಿಗಳನ್ನು ಲಗತ್ತಿಸಿ, ಮೂಲಪ್ರತಿಗಳನ್ನು ನಿಮ್ಮಲ್ಲೇ ಇಟ್ಟುಕೊಂಡು, ಸ್ವೀಕೃತಿ ಪತ್ರ ಪಡೆದುಕೊಳ್ಳಿ. ಹಣ ಕಂತುಕಂತಾಗಿ, ವರ್ಷಗಳ ಅಂತರದಲ್ಲಿ ಬರಬಹುದು. ಗೋದಾಮಿನಲ್ಲಿ ಈಗ ಹೊಸ ಸರಕು ತುಂಬಿಸಿದ್ದರೆ ಅದಕ್ಕೆ ಇಂದೇ ಬೇರೊಂದು ಕಂಪನಿಯಲ್ಲಿ ವಿಮೆ ಮಾಡಿಸಿ, ಏಕೆಂದರೆ ಸಮಾಪನೆ ಆರಂಭವಾದ ಮೇಲೆ ಸಾಮಾನ್ಯ ವಿಮೆಯ ಹಳೆಯ ಪಾಲಿಸಿಗಳು ಅಲ್ಪಾವಧಿಯಲ್ಲೇ ರದ್ದಾಗುವುದುಂಟು.