ಬೆಂಕಿ ತಡೆಯುವ ಕಾಟನ್ ಬಟ್ಟೆಗೆ ಸೋಪು ಯಾಕೆ ಬೇಡ?

ಪ್ರಶ್ನೆ: ನಮ್ಮ ಯಜಮಾನರು ವೆಲ್ಡಿಂಗ್ ಕೆಲಸ ಮಾಡುತ್ತಾರೆ. ಕಂಪನಿಯಿಂದ ಬೆಂಕಿ ತಡೆಯುವ ಯೂನಿಫಾರಂ ಕೊಟ್ಟಿದ್ದಾರೆ. ಲೇಬಲ್‌ನಲ್ಲಿ ಪೂರ್ತಿ ಕಾಟನ್ ಅಂತಿದೆ. ಕಾಟನ್ ಉರಿಯುತ್ತೆ ಅಲ್ವಾ? ಸೋಪು, ಬ್ಲೀಚ್ ಹಾಕಬೇಡಿ ಅಂತಲೂ ಇದೆ. ನಮ್ಮದು ಬೋರ್‌ವೆಲ್ ನೀರು. ಒಗೆದರೆ ಆ ಗುಣ ಹೋಗಿಬಿಡುತ್ತಾ?
– ಓದುಗರು, ಭದ್ರಾವತಿ

ಉತ್ತರ: ಲೇಬಲ್‌ನಲ್ಲಿರುವುದು ನಿಜ. ಅದು ಕಾಟನ್ನೇ. ಆದರೆ ಅದರ ನೂಲಿನೊಳಗೆ ರಂಜಕ, ಅಂದರೆ ಫಾಸ್ಫರಸ್, ಸೇರಿಸಿದ್ದಾರೆ.

ಹತ್ತಿ ಬಹುಪಾಲು ಸೆಲ್ಯುಲೋಸ್. ಗ್ಲೂಕೋಸ್ ಕೊಂಡಿಗಳ ಉದ್ದನೆಯ ಸರಪಳಿ ಅದು. 300 ಡಿಗ್ರಿ ದಾಟಿ ಬಿಸಿಯಾದರೆ ಸರಪಳಿ ಮುರಿದು ಲೀವೋಗ್ಲುಕೋಸಾನ್ ಎಂಬ ವಸ್ತು ಹುಟ್ಟುತ್ತದೆ. ಅದು ಇನ್ನೂ ಒಡೆದು, ಹೊತ್ತಿಕೊಳ್ಳುವ ಅನಿಲವಾಗುತ್ತದೆ. ಕಣ್ಣಿಗೆ ಕಾಣುವ ಜ್ವಾಲೆ ಈ ಅನಿಲದ್ದು. ರಂಜಕ ಇದ್ದರೆ ಕಥೆ ಬೇರೆ. ಬಿಸಿಗೆ ಅದು ಫಾಸ್ಫಾರಿಕ್ ಆಮ್ಲವಾಗಿ ಸೆಲ್ಯುಲೋಸ್‌ನಿಂದ ನೀರನ್ನು ಕಿತ್ತುಬಿಡುತ್ತದೆ. ಅನಿಲ ಕಡಿಮೆ, ಇದ್ದಿಲು ಜಾಸ್ತಿ.

ಲ್ಯಾಬಿನಲ್ಲಿ ಬಟ್ಟೆಯ ಪಟ್ಟಿಯನ್ನು ನೇತುಹಾಕಿ, ಕೆಳಗಿನಿಂದ 12 ಸೆಕೆಂಡು ಜ್ವಾಲೆ ಹಿಡಿಯುತ್ತೇವೆ. ಸಾದಾ ಕಾಟನ್ ತುದಿಯವರೆಗೂ ಸರ್ರನೆ ಉರಿದು, ದೀಪದ ಬತ್ತಿಯ ಹಾಗೆ ಕೆಂಡವಾಗಿ ಬೂದಿಯಾಗುತ್ತದೆ. ನಿಮ್ಮ ಯೂನಿಫಾರಂನಂಥ ಬಟ್ಟೆ ಜ್ವಾಲೆ ತಾಗಿದಷ್ಟು ಜಾಗ ಕಪ್ಪಾಗಿ ಗರಿಗರಿಯಾಗುತ್ತದೆ. ಜ್ವಾಲೆ ತೆಗೆದರೆ ಅಲ್ಲಿಗೆ ನಿಲ್ಲುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಸೋಜಿಗವೇ.

1821ರಲ್ಲೇ ಫ್ರಾನ್ಸಿನ ರಸಾಯನ ವಿಜ್ಞಾನಿ ಗೇ-ಲುಸ್ಸಾಕ್ ಅಮೋನಿಯಂ ಫಾಸ್ಫೇಟ್, ಬಿಳಿಗಾರ ಮುಂತಾದ ಲವಣಗಳಿಂದ ಬಟ್ಟೆ ಉರಿಯದಂತೆ ಮಾಡಬಹುದು ಎಂದು ತೋರಿಸಿದ್ದರು. ಆದರೆ ಅವು ನೀರಿಗೆ ಕರಗಿ ಹೋಗುತ್ತವೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಎರಡು ವಿಧಾನ. ಪ್ರೊಬಾನ್‌ನಲ್ಲಿ ರಂಜಕದ ರಾಸಾಯನಿಕವನ್ನು ನೂಲಿಗೆ ಕುಡಿಸಿ, ಅಮೋನಿಯಾ ಅನಿಲ ಹಾಯಿಸಿ ಒಳಗೇ ಗಟ್ಟಿ ಮಾಡುತ್ತಾರೆ. ಪೈರೋವಾಟೆಕ್ಸ್‌ನಲ್ಲಿ ಅದು ಸೆಲ್ಯುಲೋಸ್‌ನ ಹೈಡ್ರಾಕ್ಸಿಲ್ ಗುಂಪಿಗೇ, ಅಂದರೆ ಸರಪಳಿಯಲ್ಲಿರುವ ಆಮ್ಲಜನಕ-ಜಲಜನಕದ ಜೋಡಿಗೇ, ಬೆಸೆದುಕೊಳ್ಳುತ್ತದೆ. ಇದಕ್ಕೆ ಫಾರ್ಮಾಲ್ಡಿಹೈಡ್ ಎಂಬ ಘಾಟು ರಾಸಾಯನಿಕ ಬಳಸಬೇಕು, ಬಟ್ಟೆಯ ಗಟ್ಟಿತನವೂ ಸ್ವಲ್ಪ ಕುಂದುತ್ತದೆ. ಎರಡೂ ಸುಮ್ನೆ ಒಗೆದರೆ ಹೋಗುವಂಥವಲ್ಲ.

ಹಾಗಾದರೆ ಸೋಪು ಯಾಕೆ ಬೇಡ? ನಿಮ್ಮ ಬಕೆಟ್ಟಿನ ಅಂಚನ್ನೇ ನೋಡಿ. ಬೋರ್‌ವೆಲ್ ನೀರಿಗೆ ಬಟ್ಟೆ ಸೋಪು ಹಾಕಿದರೆ ಬಿಳೀ ಜಿಡ್ಡು ಕಟ್ಟುತ್ತದೆ. ನೀರಿನ ಕ್ಯಾಲ್ಸಿಯಂ ಸೋಪಿನ ಕೊಬ್ಬಿನ ಜೊತೆ ಸೇರಿ ಆಗುವ ಜಿಡ್ಡು ಅದು. ಪ್ರತಿ ಸಲ ಸ್ವಲ್ಪ ಸ್ವಲ್ಪ ನೂಲಿಗೂ ಹತ್ತುತ್ತದೆ. ಕೊಬ್ಬು ಉರಿಯುವ ವಸ್ತು. ಒಳಗೆ ರಂಜಕ ಹಾಗೇ ಇದ್ದರೂ ಮೇಲಿನ ಜಿಡ್ಡಿಗೆ ಬೆಂಕಿ ಹತ್ತುತ್ತದೆ. ಗ್ರೀಸ್, ಎಣ್ಣೆ ಕಲೆಯೂ ಅಷ್ಟೇ ಅಪಾಯ. ಗಂಜಿಯನ್ನಂತೂ ಹಾಕಲೇಬೇಡಿ. ಅದೂ ಗ್ಲೂಕೋಸ್ ಸರಪಳಿಯೇ, ಬೆಂಕಿಗೆ ಮೇವು. ಕ್ಲೋರಿನ್ ಬ್ಲೀಚ್ ಬೇರೆ ರೀತಿ ಕೆಡಿಸುತ್ತದೆ. ಅದು ನೂಲಿನೊಳಗಿನ ರಂಜಕದ ವಸ್ತುವನ್ನೇ ತಿನ್ನುತ್ತದೆ.

ಬ್ಲೀಚ್ ಇಲ್ಲದ ಡಿಟರ್ಜೆಂಟ್ ಪುಡಿ ಹಾಕಿ, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ. ಮಳೆನೀರು ಸಿಕ್ಕರೆ ಇನ್ನೂ ಒಳ್ಳೆಯದು. ಹರಿದರೆ ಹಳೇ ಲುಂಗಿಯ ತೇಪೆ ಹಾಕಬೇಡಿ. ತೇಪೆಗೂ ಅದೇ ಜಾತಿಯ ಬಟ್ಟೆ ಬೇಕು.

ಯಜಮಾನರು ಒಳಗೆ ಯಾವ ಬನಿಯನ್ ಹಾಕುತ್ತಾರೆ ಅಂತಲೂ ನೋಡಿ. ಪಾಲಿಯೆಸ್ಟರ್ ಆದರೆ ಇವತ್ತೇ ಬದಲಿಸಿ. ಯೂನಿಫಾರಂ ಹೊತ್ತಿಕೊಳ್ಳದಿದ್ದರೂ ಶಾಖ ಒಳಗೆ ದಾಟುತ್ತದೆ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.