ತಿಮಿಂಗಿಲದ ಉಬ್ಬು, ಮನೆಯ ಫಿನ್

ಪ್ರಶ್ನೆ: ವಿಂಡ್‌ಸರ್ಫಿಂಗ್ ಬೋರ್ಡಿಗೆ 36 ಸೆಂ.ಮೀ. ಫಿನ್ (ತಳದಿಂದ ನೀರಿಗಿಳಿಯುವ ರೆಕ್ಕೆ) ಮನೆಯಲ್ಲೇ ಮಾಡುತ್ತಿದ್ದೇನೆ. ಹಂಪ್‌ಬ್ಯಾಕ್ ತಿಮಿಂಗಿಲದ ಈಜುರೆಕ್ಕೆಯ ಹಾಗೆ ಮುಂಚೂಣಿ ಅಂಚಿಗೆ ಉಬ್ಬು ಕೊಟ್ಟರೆ ಸ್ಪಿನ್‌ಔಟ್ (ಫಿನ್ ನೀರಿನ ಹಿಡಿತ ಬಿಟ್ಟು ಬೋರ್ಡಿನ ಹಿಂಭಾಗ ಪಕ್ಕಕ್ಕೆ ಜಾರುವುದು) ನಿಲ್ಲುತ್ತದೆಯೇ?

ಉತ್ತರ: ಪೂರ್ತಿ ನಿಲ್ಲದು. 2004ರಲ್ಲಿ ಅಮೆರಿಕದಲ್ಲಿ ನಡೆದ ಗಾಳಿಸುರಂಗ ಪರೀಕ್ಷೆಯಲ್ಲಿ ನುಣುಪು ರೆಕ್ಕೆಯ ಮಾದರಿ ಸುಮಾರು 12 ಡಿಗ್ರಿ ಓರೆಗೆ ಹಿಡಿತ ಬಿಟ್ಟರೆ, ಉಬ್ಬಿನ ಮಾದರಿ ಸುಮಾರು 16ರವರೆಗೆ ತಡೆಯಿತು. ಉಬ್ಬುಗಳು ಎಬ್ಬಿಸುವ ಸುಳಿಗಳು ಹರಿವನ್ನು ಮೈಗೆ ಅಂಟಿಸಿಡುತ್ತವೆ. ಆದರೆ ಸ್ಪಿನ್‌ಔಟ್ ಎಷ್ಟೋ ಸಲ ಮೇಲಿನ ಗಾಳಿ ಫಿನ್ ಗುಂಟ ಕೆಳಗೆ ಎಳೆದುಕೊಂಡು ಆಗುವಂಥದ್ದು. ಅದಕ್ಕೆ ಉಬ್ಬು ಮದ್ದಲ್ಲ. ಮೊದಲು ಫಿನ್‌ನ ಬುಡ ಬೋರ್ಡಿನ ತಳಕ್ಕೆ ಸಂದಿಲ್ಲದೆ ಕೂತಿದೆಯೇ ನೋಡಿ.

ಮೊದಲ ಫಿನ್ ನೇರ ಅಂಚಿನದೇ ಇರಲಿ. 10 ಮಿ.ಮೀ. ಜಿ10 (ಗಾಜುನಾರಿನ ಪದರಗಳನ್ನು ಎಪಾಕ್ಸಿ ರಾಳದಲ್ಲಿ ಒತ್ತಿ ಮಾಡಿದ) ಹಾಳೆ ಸಾಕು. ಅಂಚಿನ ಸುತ್ತ ನಡುಗೆರೆ ಎಳೆದು, ಅತಿ ದಪ್ಪದ ಭಾಗ ಮುಂದಿನಿಂದ ಮೂರನೇ ಒಂದರಷ್ಟು ದೂರ ಬರುವಂತೆ ಉಜ್ಜಿ. ಉಜ್ಜಿದಂತೆ ಗಾಜುನಾರಿನ ಪದರಗಳು ಭೂಪಟದ ಎತ್ತರದ ಗೆರೆಗಳಂತೆ ಮೂಡುತ್ತವೆ. ಎರಡೂ ಬದಿಯ ಗೆರೆಗಳು ಹೊಂದಬೇಕು. ಒಂದು ಕಡೆ ಗೆರೆ ಸೊಟ್ಟಗಾದರೆ ಅಲ್ಲೇ ಹೆಚ್ಚು ಸವೆದಿದೆ ಎಂದರ್ಥ. ಇದಕ್ಕಿಂತ ಒಳ್ಳೆಯ ಅಳತೆಪಟ್ಟಿ ಬೇಕಿಲ್ಲ.

ಕೊನೆಗೆ 120ರಿಂದ 400ರವರೆಗಿನ ವಾಟರ್ ಪೇಪರ್, ನೀರು ಹಾಕಿಕೊಂಡೇ. ಗಾಜಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಬಿಡಬೇಡಿ. ಹಿಂದಿನ ಅಂಚು 1 ಮಿ.ಮೀ.ಗಿಂತ ತೆಳುವಾಗಲಿ. ನೀರಲ್ಲಿ ಗುಂಯ್‌ಗುಟ್ಟಿದರೆ ಆ ಅಂಚನ್ನು ಒಂದೇ ಬದಿಯಿಂದ ಸ್ವಲ್ಪ ಓರೆಯಾಗಿ ಉಜ್ಜಿ. ಬುಡಕ್ಕೆ ಎಪಾಕ್ಸಿಯನ್ನು ಒಮ್ಮೆಲೇ ಸುರಿದರೆ ಕಾವು ಹೆಚ್ಚಿ ಬಿರುಕು ಬಿಡುತ್ತದೆ, ಪದರಪದರವಾಗಿ ಸುರಿಯಿರಿ.